ಪಾರ್ಕಿನ ಕೇಸಿಗೆ ವಕೀಲರನ್ನು ಆರಿಸಿದ್ದು ಯಾರು?

ಸಂಪಾದಕರೇ, ನಮಸ್ಕಾರ.

ನಮ್ಮ ಪುರಸಭೆ ಪಾರ್ಕ್ ಜಾಗದ ಕೇಸಿಗೆ ಬೆಂಗಳೂರಿನ ವಕೀಲರನ್ನು ಗೊತ್ತು ಮಾಡಿದೆ. ಬಾಗಲಕೋಟೆ ಜಿಲ್ಲೆಯ ಒಂದು ಪುರಸಭೆ ಅಂತಷ್ಟೇ ಹೇಳುತ್ತೇನೆ. ಕೇಸು ಕೋರ್ಟಿನಲ್ಲಿರುವುದರಿಂದ ಊರಿನ ಹೆಸರು ಬರೆಯುವುದಿಲ್ಲ. ಬರೆಯದಿದ್ದರೂ ಊರಿನವರಿಗೆ ಮೊದಲ ಸಾಲಿಗೇ ಗೊತ್ತಾಗುತ್ತದೆ, ಅದು ಬೇರೆ ಮಾತು.

ಠರಾವು ಪಾಸಾದದ್ದು ಸಾಮಾನ್ಯ ಸಭೆಯ ಕಟ್ಟಕಡೆಗೆ, ‘ಮಾನ್ಯ ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’ ಎಂಬ ತಲೆಬರಹದ ಕೆಳಗೆ. ಪುರಸಭೆಯ ಸಭೆಗಳನ್ನು ನೋಡಿದವರಿಗೆ ಈ ತಲೆಬರಹದ ಮಹಿಮೆ ಗೊತ್ತು. ಅಷ್ಟೊತ್ತಿಗೆ ಚಹಾ, ಚೂಡಾ ಮುಗಿದಿರುತ್ತದೆ, ಅರ್ಧ ಸದಸ್ಯರು ಸಹಿ ಹಾಕಿ ಎದ್ದು ಹೋಗಿರುತ್ತಾರೆ, ಉಳಿದವರು ಮೊಬೈಲ್ ನೋಡುತ್ತಾ ಕೂತಿರುತ್ತಾರೆ. ಹೆಸರು ಸೂಚಿಸಿದವರು ಯಾರು? ಬೇರೆ ಯಾವ ಹೆಸರುಗಳಿದ್ದವು? ಫೀ ಎಷ್ಟು? ನಡಾವಳಿ ಪುಸ್ತಕದಲ್ಲಿ ಇದ್ಯಾವುದೂ ಇಲ್ಲ. ‘ಸೂಕ್ತ ವಕೀಲರನ್ನು ನೇಮಿಸಲು ಸರ್ವಾನುಮತದಿಂದ ಠರಾಯಿಸಲಾಯಿತು’ ಅಂತ ಒಂದೇ ಸಾಲು.

ಜಾಗದ ಕಥೆ ಇಷ್ಟು. ಹಳೆಯದೊಂದು ಬಿನ್‌ಶೇತ್ಕಿ ಲೇಔಟ್, ಅಂದರೆ ಹೊಲವನ್ನು ಕೃಷಿಯೇತರ ಮಾಡಿಸಿ ಹಾಕಿದ ಪ್ಲಾಟುಗಳು. ಮಂಜೂರಾದ ನಕ್ಷೆಯಲ್ಲಿ ಪ್ಲಾಟುಗಳ ನಡುವೆ ಒಂದು ತುಂಡು ಪಾರ್ಕಿಗೆ ಅಂತ ಬಿಟ್ಟಿದ್ದಾರೆ. ಪುರಸಭೆಯವರು ಆಗಲೇ ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕಿತ್ತು, ಮಾಡಿಸಿಕೊಳ್ಳಲಿಲ್ಲ, ಉತಾರದಲ್ಲಿ (ಆಸ್ತಿಯ ದಾಖಲೆಯಲ್ಲಿ) ಲೇಔಟ್ ಮಾಡಿದವರ ಹೆಸರೇ ಉಳಿಯಿತು. ಈಗ ಪಕ್ಕದ ರಸ್ತೆ ಅಗಲವಾಗಿದೆ, ಜಾಗದ ರೇಟು ಏರಿದೆ, ವಾರಸುದಾರರಿಗೆ ನೆನಪಾಗಿದೆ. ಜಾಗ ನಮ್ಮದು, ಪುರಸಭೆ ಕಾಲಿಡಬಾರದು ಅಂತ ತಾಲ್ಲೂಕಿನ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿದ್ದಾರೆ. ಊರಿನ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನಿನಲ್ಲಿ) ಉದ್ಯಾನ ಎಂದಿರುವುದನ್ನು ವಾಣಿಜ್ಯಕ್ಕೆ ಬದಲಿಸಿಕೊಡಿ ಅಂತ ಕೊಟ್ಟ ಅರ್ಜಿ ನಡೆಯಲಿಲ್ಲ ಎಂದು ಧಾರವಾಡದ ಹೈಕೋರ್ಟ್ ಪೀಠದಲ್ಲಿ ಒಂದು ರಿಟ್ಟನ್ನೂ ಹಾಕಿದ್ದಾರೆ. ಅಂದರೆ ಜಾಗ ಒಂದೇ, ಕೋರ್ಟು ಎರಡು.

ಈಗ ಊರಲ್ಲಿ ನಡೆಯುತ್ತಿರುವ ಜಗಳ ಏನು ಗೊತ್ತಾ? ನಮ್ಮೂರಿನ ವಕೀಲರು ಸತ್ತು ಹೋಗಿದ್ದರಾ, ಹೊರಗಿನವರು ಯಾಕೆ ಬೇಕಿತ್ತು ಅಂತ. ವಕೀಲರ ಸಂಘದಲ್ಲಿ ಬೇಜಾರು, ಚಹಾದಂಗಡಿಯಲ್ಲಿ ಅದೇ ಮಾತು. ನನಗೆ ಈ ಜಗಳವೇ ತಪ್ಪು ಅನಿಸುತ್ತದೆ. ಹೊರಗಿನವರನ್ನು ಹಿಡಿದದ್ದಕ್ಕೆ ನನ್ನ ತಕರಾರಿಲ್ಲ. ಹಿಡಿದ ರೀತಿಗೆ ಇದೆ.

ನಾನು ಕೋರ್ಟ್ ಆಫೀಸಿನಲ್ಲಿ ನೌಕರಿ ಮಾಡಿ ನಿವೃತ್ತನಾದವನು. ಸಣ್ಣ ಊರಿನ ಕೋರ್ಟು ಹೇಗಿರುತ್ತದೆ ಅಂತ ನನಗೆ ಗೊತ್ತು. ಇಲ್ಲಿ ಲೇಔಟ್ ಮಾಡಿದವರಿಗೆ ಖರೀದಿ ಪತ್ರ ಬರೆದುಕೊಟ್ಟವರು, ಅವರ ಬ್ಯಾಂಕ್ ಸಾಲಕ್ಕೆ ಲೀಗಲ್ ಒಪೀನಿಯನ್ ಕೊಟ್ಟವರು, ಅವರ ಮನೆಯ ಮದುವೆಯಲ್ಲಿ ಅಕ್ಷತೆ ಹಾಕಿದವರು, ಎಲ್ಲರೂ ಅದೇ ಬಾರ್ ರೂಮಿನಲ್ಲಿ ಕೂರುತ್ತಾರೆ. ಇದು ಅವರ ತಪ್ಪಲ್ಲ, ಊರೇ ಅಷ್ಟು ಸಣ್ಣದು. ಹಾಗಾಗಿ ಯಾರ ಹಂಗೂ ಇಲ್ಲದ ಒಬ್ಬರು ಬರಲಿ ಅನ್ನುವುದರಲ್ಲಿ ಅರ್ಥವಿದೆ. ಹಾಗಂತ ನಮ್ಮ ಜಿಲ್ಲೆಯ ವಕೀಲರಿಗೆ ಜಮೀನಿನ ಕಾನೂನು ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಾನು ನಗುತ್ತೇನೆ. ಆಲಮಟ್ಟಿ ಹಿನ್ನೀರಿನಲ್ಲಿ ಹೊಲ, ಮನೆ ಕಳೆದುಕೊಂಡವರ ಪರಿಹಾರದ ಕೇಸುಗಳನ್ನು ನಡೆಸಿ ನಡೆಸಿ ಪಳಗಿದವರು ಅವರು.

ಆದರೆ ಬೆಂಗಳೂರೇ ಯಾಕೆ? ನಮ್ಮ ಜಿಲ್ಲೆಯ ರಿಟ್ ನಡೆಯುವುದು ಧಾರವಾಡದಲ್ಲಿ. 2008ರಲ್ಲಿ ಅಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಅದಕ್ಕಾಗಿ ಈ ಭಾಗದ ಜನ ಎಷ್ಟು ವರ್ಷ ಹೋರಾಡಿದರು ಅನ್ನುವುದು ಹಳಬರಿಗೆ ನೆನಪಿರುತ್ತದೆ. ಪುರಸಭೆ ಕೇಸುಗಳನ್ನೇ ನಡೆಸುವ ವಕೀಲರು ಅಲ್ಲೇ ಇರುವಾಗ ಬೆಂಗಳೂರಿನಿಂದ ಒಬ್ಬರನ್ನು ಕರೆಸಿ, ಅವರ ಪ್ರಯಾಣ, ರೂಮು, ಊಟ ಎಲ್ಲವನ್ನೂ ನಮ್ಮ ಮನೆ ತೆರಿಗೆಯಿಂದ ಕೊಡುವುದಕ್ಕೆ ಒಂದು ಕಾರಣ ಇರಬೇಕಲ್ವಾ? ಇರಬಹುದು ಕೂಡ. ಇದ್ದರೆ ಬರೆಯಿರಿ ಅಂತಷ್ಟೇ ನಾನು ಕೇಳುವುದು. ಇನ್ನು ತಾಲ್ಲೂಕು ಕೋರ್ಟಿನ ದಾವೆಗೆ ಅವರು ಪ್ರತಿ ತಾರೀಖಿಗೂ ಬರುವುದಿಲ್ಲ, ಜೂನಿಯರ್ ಒಬ್ಬರು ಬಂದು ಟೈಮ್ ಕೇಳಿ ಹೋಗುತ್ತಾರೆ. ಇದನ್ನು ನಾನು ನೌಕರಿಯುದ್ದಕ್ಕೂ ನೋಡಿದ್ದೇನೆ.

ಕೇಳಬೇಕಾದ ಮೊದಲ ಪ್ರಶ್ನೆ ಬೇರೆಯೇ ಇದೆ. ಈ ವಕೀಲರು ಹಿಂದೆ ಎದುರು ಪಾರ್ಟಿಗೋ, ಅವರ ಪಾಲುದಾರರಿಗೋ, ಅವರ ಜೊತೆ ವ್ಯವಹಾರ ಇರುವ ಬಿಲ್ಡರುಗಳಿಗೋ ಕೆಲಸ ಮಾಡಿದ್ದಾರಾ? ಒಂದೇ ಕೇಸಿನಲ್ಲಿ ಒಬ್ಬರಿಗೆ ಸಲಹೆ ಕೊಟ್ಟವರು ಎದುರಿನವರ ಪರ ನಿಲ್ಲುವಂತಿಲ್ಲ ಅಂತ ವಕೀಲರ ಪರಿಷತ್ತಿನ ನಿಯಮವೇ ಇದೆ. ಆದರೆ ಬೇರೆ ಕೇಸಿನ ಸಂಬಂಧ, ಪಾಲುದಾರರ ಸಂಬಂಧ ಅದರಲ್ಲಿ ತಾನಾಗಿ ಬರುವುದಿಲ್ಲ, ನಾವೇ ಕೇಳಿ ಬರೆಸಿಕೊಳ್ಳಬೇಕು. ಹಾಗೆಯೇ ಹೆಸರು ಸೂಚಿಸಿದ ಸದಸ್ಯರಿಗೆ ಆ ಲೇಔಟಿನಲ್ಲಿ ಪ್ಲಾಟು ಇದೆಯಾ? ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಮುಗಿಯುವ ಕೆಲಸ ಇದು.

ಫೀ ವಿಷಯಕ್ಕೆ ಬಂದರೆ, ಎಷ್ಟು ಅನ್ನುವುದಕ್ಕಿಂತ ಯಾವುದಕ್ಕೆ ಅನ್ನುವುದು ಮುಖ್ಯ. ತಾರೀಖಿಗೆ ಇಷ್ಟು ಅಂತಾದರೆ ಕೇಸು ಎಳೆದಷ್ಟೂ ಖರ್ಚು. ಇಡೀ ಕೇಸಿಗೆ ಇಷ್ಟು ಅಂತಾದರೆ ಹಂತ ಹಂತಕ್ಕೆ ಕೊಡಬೇಕು. ಗೆದ್ದರೆ ಇಷ್ಟು ಪಾಲು ಅಂತ ಮಾತಾಡುವುದಕ್ಕಂತೂ ವಕೀಲರಿಗೆ ಅವಕಾಶವೇ ಇಲ್ಲ. ದೊಡ್ಡ ಫೀ ಕೊಡಬಾರದು ಅಂತ ನಾನು ಹೇಳುತ್ತಿಲ್ಲ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹಾಕಿದ ಬೆಳಗಾವಿ ಗಡಿ ದಾವೆಗೆ ನಮ್ಮ ಸರ್ಕಾರ ದೆಹಲಿಯ ಹಿರಿಯ ವಕೀಲರನ್ನು ಇಟ್ಟುಕೊಂಡಿದೆ. ಅವರಲ್ಲಿ ಒಬ್ಬರಿಗೆ ಕೋರ್ಟಿಗೆ ಹಾಜರಾದ ದಿನಕ್ಕೆ 22 ಲಕ್ಷ ರೂಪಾಯಿ ಅಂತ 2023ರಲ್ಲಿ ಆದೇಶ ಹೊರಬಿದ್ದಾಗ ಜನ ಹುಬ್ಬೇರಿಸಿದರು. ಏರಿಸಲಿ. ಆದೇಶ ಆಗಿತ್ತು, ಪೇಪರಿನಲ್ಲಿ ಬಂತು, ಜಾಸ್ತಿ ಅನ್ನುವವರು ಅಂದರು, ಬೇಕು ಅನ್ನುವವರು ಸಮರ್ಥಿಸಿದರು. ಇಡೀ ಗಡಿಯ ದಾವೆಯ ಫೀ ನಮಗೆ ಗೊತ್ತಾಗುತ್ತದೆ, ನಮ್ಮ ಓಣಿಯ ಪಾರ್ಕಿನ ದಾವೆಯ ಫೀ ಗೊತ್ತಾಗುವುದಿಲ್ಲ!

ಹಾಗಾದರೆ ಟೆಂಡರ್ ಕರೆಯಬೇಕಿತ್ತಾ ಅಂತ ಒಬ್ಬ ಸದಸ್ಯರು ನನ್ನನ್ನು ಕೇಳಿದರು, ಸ್ವಲ್ಪ ವ್ಯಂಗ್ಯವಾಗಿಯೇ. ಇಲ್ಲ ಸ್ವಾಮಿ. ಗಟಾರದ ಕೆಲಸದ ಹಾಗೆ ಕಡಿಮೆ ರೇಟಿಗೆ ಬಂದವರಿಗೆ ವಕೀಲಿಕೆ ಕೊಡುವುದು ಹುಚ್ಚುತನ. ವಕೀಲರು ತಾವಾಗಿ ಜಾಹೀರಾತು ಕೊಟ್ಟು ಕೇಸು ಕೇಳುವಂತೆಯೂ ಇಲ್ಲ. ಆದರೆ ಟೆಂಡರ್ ಇಲ್ಲದಿದ್ದರೆ ಮನಸ್ಸಿಗೆ ಬಂದವರನ್ನು ಹಿಡಿಯಬಹುದು ಅಂತ ಅರ್ಥವಲ್ಲ. ಪಂಜಾಬ್ ಸರ್ಕಾರದ ವಕೀಲರ ನೇಮಕದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ: ಸಾರ್ವಜನಿಕರ ಪರವಾಗಿ ವಕೀಲರನ್ನು ಆರಿಸುವಾಗ ಅರ್ಹತೆ ನೋಡಬೇಕು, ಆರಿಸುವ ರೀತಿ ನ್ಯಾಯವಾಗಿ, ಎಲ್ಲರಿಗೂ ಕಾಣುವಂತೆ ಇರಬೇಕು, ಇವರು ನಮ್ಮವರು ಅಂತ ಕೊಡುವಂತಿಲ್ಲ. ಪುರಸಭೆಯೂ ಜನರ ದುಡ್ಡಿನಲ್ಲೇ ನಡೆಯುವುದು, ಅಲ್ವಾ? ಪುರಸಭೆ, ಭೂಬಳಕೆ ಕೇಸುಗಳಲ್ಲಿ ಇಷ್ಟು ವರ್ಷ ಅನುಭವ ಇರುವವರು ಅರ್ಜಿ ಕೊಡಿ ಅಂತ ಒಂದು ಪ್ರಕಟಣೆ ಕೊಟ್ಟು, ಬಂದವರಲ್ಲಿ ಮೂರ್ನಾಲ್ಕು ಜನರನ್ನು ಕರೆದು ಮಾತಾಡಿ, ಇಂಥವರನ್ನು ಇಂಥ ಕಾರಣಕ್ಕೆ ಆರಿಸಿದೆವು ಅಂತ ಅರ್ಧ ಪುಟ ಬರೆಯಲು ಏನು ಕಷ್ಟ? ಒಬ್ಬರು ತಮ್ಮ ಪ್ಲಾಟಿನ ಭೂಬಳಕೆ ಬದಲಿಸಬೇಕಾದರೂ 1961ರ ನಗರ ಯೋಜನಾ ಕಾಯ್ದೆಯ 14ಎ ಕಲಮಿನಂತೆ ಪೇಪರಿನಲ್ಲಿ ಹಾಕಿ ಜನರ ತಕರಾರಿಗೆ ಕನಿಷ್ಠ 15 ದಿನ ಕೊಡಬೇಕು. ಆ ಭೂಬಳಕೆಯನ್ನು ಕಾಪಾಡುವ ವಕೀಲರ ಹೆಸರು ಮಾತ್ರ ಚಹಾ ಕುಡಿದ ಮೇಲೆ ತೀರ್ಮಾನವಾಗುತ್ತದೆ.

ಎಷ್ಟೇ ದೊಡ್ಡ ವಕೀಲರು ಬಂದರೂ ಅವರ ಕೈಗೆ ಕಾಗದ ಕೊಡುವವರು ಯಾರು ಅನ್ನುವುದನ್ನು ಯಾರೂ ಕೇಳುತ್ತಿಲ್ಲ. ಸಿವಿಲ್ ದಾವೆಯಲ್ಲಿ ಸಮನ್ಸ್ ಮುಟ್ಟಿದ 30 ದಿನದೊಳಗೆ ಕೈಫಿಯತ್ತು, ಅಂದರೆ ದಾವೆಗೆ ಲಿಖಿತ ಉತ್ತರ, ಹಾಕಬೇಕು, ಕಾರಣ ಹೇಳಿ ಕೋರ್ಟನ್ನು ಒಪ್ಪಿಸಿದರೆ 90 ದಿನದವರೆಗೆ ಹೋಗಬಹುದು. ಅಷ್ಟರಲ್ಲಿ ಮಂಜೂರಾದ ಲೇಔಟ್ ನಕ್ಷೆಯ ದೃಢೀಕೃತ ಪ್ರತಿ, ಬಿನ್‌ಶೇತ್ಕಿ ಆದೇಶ, ಅದರ ಷರತ್ತುಗಳು, ಮಹಾಯೋಜನೆಯ ನಕ್ಷೆ, ಪುರಸಭೆ ಅಲ್ಲಿ ಬೇಲಿಗೋ ಬೋರ್‌ವೆಲ್ಲಿಗೋ ಖರ್ಚು ಮಾಡಿದ್ದರೆ ಅದರ ಬಿಲ್ಲು, ಇವೆಲ್ಲ ವಕೀಲರ ಟೇಬಲ್ ಮೇಲೆ ಇರಬೇಕು. ಇವು ಒಂದು ಕಡೆ ಸಿಗುವುದಿಲ್ಲ. ಕೆಲವು ಪುರಸಭೆಯಲ್ಲಿ, ಕೆಲವು ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ, ಕೆಲವು ಸಿಟಿ ಸರ್ವೆಯಲ್ಲಿ, ಕೆಲವು ಜಿಲ್ಲಾಧಿಕಾರಿ ಕಚೇರಿಯಲ್ಲಿ. ಇವನ್ನು ಹುಡುಕುವ ಕೆಲಸ ಕೇಸ್ ವರ್ಕರ್ ಒಬ್ಬರ ತಲೆಗೆ ಬೀಳುತ್ತದೆ, ಅವರಿಗೆ ಅದರ ಜೊತೆ ಜನನ-ಮರಣ, ಲೈಸೆನ್ಸ್, ನೀರಿನ ಬಿಲ್ಲು ಎಲ್ಲವೂ ಇರುತ್ತವೆ, ನಡುವೆ ವರ್ಗಾವಣೆಯೂ ಆಗುತ್ತದೆ. ಆಮೇಲೆ ಕೈಫಿಯತ್ತು ಇಲ್ಲದೆ ಕೇಸು ಮುಂದೆ ಹೋಗುತ್ತದೆ, ಸಾಕ್ಷಿಗೆ ಯಾರೂ ಹೋಗುವುದಿಲ್ಲ, ಡಿಕ್ರಿ ಆಗುತ್ತದೆ, ಅಪೀಲಿನ ಅವಧಿ ಮುಗಿದ ಮೇಲೆ ನೋಟಿಸ್ ಬಂದಾಗ ಆಫೀಸಿಗೆ ಎಚ್ಚರವಾಗುತ್ತದೆ. ಎಕ್ಸ್‌ರೇ ಮನೆಯಲ್ಲೇ ಬಿಟ್ಟು ಮಿರಜಿನ ದೊಡ್ಡ ಡಾಕ್ಟರ್ ಹತ್ತಿರ ಹೋದ ಹಾಗೆ ಆಗುತ್ತದೆ ಈ ಬೆಂಗಳೂರು ವಕೀಲರ ಸಂಭ್ರಮ.

ಇದಕ್ಕಿಂತ ನನಗೆ ಹೆದರಿಕೆ ಇರುವುದು ರಾಜಿಯ ಬಗ್ಗೆ. ಅಚ್ಚು ಹಾಕಿದ ವಕಾಲತ್ತಿನ ಫಾರಂ ಯಾವತ್ತಾದರೂ ಪೂರ್ತಿ ಓದಿದ್ದೀರಾ? ಅದರಲ್ಲಿ ಸಾಮಾನ್ಯವಾಗಿ ‘ರಾಜಿ ಮಾಡಿಕೊಳ್ಳಲು’ ಅಂತಲೂ ಒಂದು ಮಾತು ಇರುತ್ತದೆ. ಮುಖ್ಯಾಧಿಕಾರಿಗಳು ಅದಕ್ಕೆ ಸುಮ್ನೆ ಸಹಿ ಹಾಕಿ ಕಳಿಸುತ್ತಾರೆ. ನಾಳೆ ‘ಮುಂದಿನ ಭಾಗ ಕಾಂಪ್ಲೆಕ್ಸಿಗೆ, ಹಿಂದಿನ ಭಾಗ ಪಾರ್ಕಿಗೆ’ ಅಂತ ಒಂದು ರಾಜಿ ಪತ್ರ ಕೋರ್ಟಿಗೆ ಹೋಯಿತು ಅಂದುಕೊಳ್ಳಿ. ರಾಜಿ ಡಿಕ್ರಿಯ ಮೇಲೆ ಮಾಮೂಲಿ ಅಪೀಲು ಇಲ್ಲ. ಲೋಕ ಅದಾಲತ್ತಿನಲ್ಲಿ ಮುಗಿಸಿದರೂ ಅಷ್ಟೇ, 1987ರ ಕಾಯ್ದೆ ಪ್ರಕಾರ ಅದೇ ಕೊನೆ. ಲೋಕ ಅದಾಲತ್ ಒಳ್ಳೆಯದೇ, ಅಣ್ಣ-ತಮ್ಮಂದಿರ ವಾಟ್ನಿಗೆ (ಆಸ್ತಿ ಪಾಲಿಗೆ), ಅಪಘಾತದ ಪರಿಹಾರಕ್ಕೆ ಅದರಷ್ಟು ಚಲೋ ದಾರಿ ಇಲ್ಲ. ಆದರೆ ಪಾರ್ಕು ಅಧ್ಯಕ್ಷರ ಸ್ವಂತ ಆಸ್ತಿಯಲ್ಲ, ಅರ್ಧ ಬಿಟ್ಟುಕೊಡಲು. ಆ ನಕ್ಷೆ ನೋಡಿ, ಪಾರ್ಕು ಇದೆ ಅಂತ ನಂಬಿ ಪ್ಲಾಟು ಕೊಂಡವರು ಅಲ್ಲಿದ್ದಾರೆ.

ಅಂಥ ನೆರೆಯವರೇ ಎದ್ದು ನಿಂತರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ತೀರ್ಪು ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಇಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ನಡೆಯುವುದಿಲ್ಲ ಅಂದಿತು. ಮುದ್ದಪ್ಪ ಪ್ರಕರಣ ಅಂತ ಯಾವ ವಕೀಲರನ್ನು ಕೇಳಿದರೂ ಹೇಳುತ್ತಾರೆ. ಹಾಗಾಗಿ ನಮ್ಮ ಲೇಔಟಿನವರಿಗೆ ನನ್ನ ಸಲಹೆ: ಪುರಸಭೆ ನೋಡಿಕೊಳ್ಳುತ್ತದೆ ಅಂತ ಕೂರಬೇಡಿ, ನಮ್ಮನ್ನೂ ಪಾರ್ಟಿ ಮಾಡಿಕೊಳ್ಳಿ ಅಂತ ಕೋರ್ಟಿಗೆ ಅರ್ಜಿ ಹಾಕಿ. ನೀವು ಒಳಗಿದ್ದರೆ ನಿಮ್ಮ ಬೆನ್ನ ಹಿಂದೆ ರಾಜಿ ಮಾಡುವುದು ಅಷ್ಟು ಸುಲಭವಲ್ಲ.

ವಕೀಲರ ಫೀ, ನೇಮಕದ ಆದೇಶ, ಠರಾವಿನ ಪ್ರತಿ ಕೊಡಿ ಅಂತ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿದ್ದೇನೆ. ‘ಪ್ರಕರಣ ನ್ಯಾಯಾಲಯದಲ್ಲಿರುವುದರಿಂದ ಕೊಡಲು ಬರುವುದಿಲ್ಲ’ ಅಂತ ಉತ್ತರ ಬರೆಯುವ ತಯಾರಿ ನಡೆದಿದೆ ಅಂತ ಕೇಳಿದೆ. ಕಾಯ್ದೆಯಲ್ಲಿ ಇರುವುದು ಬೇರೆ: ಕೋರ್ಟೇ ಪ್ರಕಟಿಸಬೇಡಿ ಅಂತ ಸ್ಪಷ್ಟವಾಗಿ ಹೇಳಿದ, ಇಲ್ಲವೇ ಕೊಟ್ಟರೆ ನ್ಯಾಯಾಂಗ ನಿಂದನೆ ಆಗಬಹುದಾದ ಮಾಹಿತಿಯನ್ನು ಮಾತ್ರ ಆ ಕಾರಣಕ್ಕೆ ತಡೆಯಬಹುದು. ವಕೀಲರು ಕೊಟ್ಟ ಗುಟ್ಟಿನ ಸಲಹೆ ನನಗೆ ಬೇಡವೇ ಬೇಡ, ಅದು ಎದುರು ಪಾರ್ಟಿಗೆ ಸಿಗುವುದೂ ಬೇಡ.

ಅಧ್ಯಕ್ಷರಿಗೆ, ಮುಖ್ಯಾಧಿಕಾರಿಗಳಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಮುಂದಿನ ಸಾಮಾನ್ಯ ಸಭೆಯ ಅಜೆಂಡಾದಲ್ಲಿ ಈ ವಿಷಯಕ್ಕೆ ಒಂದು ನಂಬರು ಕೊಟ್ಟು, ಮೇಲಿನ ಸಾಲಿನಲ್ಲಿ ಹಾಕಿ. ವಕೀಲರ ಹೆಸರು, ಫೀ, ಎದುರು ಪಾರ್ಟಿ ಜೊತೆ ಸಂಬಂಧ ಇಲ್ಲ ಅನ್ನುವ ಅವರ ಪತ್ರ, ಕಾಗದ ಒದಗಿಸುವ ಸಿಬ್ಬಂದಿಯ ಹೆಸರು ನಡಾವಳಿಯಲ್ಲಿ ಬರಲಿ. ವಕಾಲತ್ತಿನಲ್ಲಿ ರಾಜಿಯ ಮಾತನ್ನು ಹೊಡೆದುಹಾಕಿ, ಸಾಮಾನ್ಯ ಸಭೆಯ ಠರಾವಿಲ್ಲದೆ ರಾಜಿ ಇಲ್ಲ ಅಂತ ಬರೆದು ಕೊಡಿ. ಕೈಫಿಯತ್ತು ಇನ್ನೂ ಹಾಕಿಲ್ಲ ಅಂತ ಗೊತ್ತಾಗಿದೆ, ಅದಕ್ಕಂತೂ ಸಭೆಯ ತನಕ ಕಾಯಬೇಡಿ.

ಇಂತಿ,
ಕೋರ್ಟ್ ಆಫೀಸಿನ ನಿವೃತ್ತ ನೌಕರ, ಬಾಗಲಕೋಟೆ ಜಿಲ್ಲೆ