ಚನ್ನಪಟ್ಟಣದ ನಮ್ಮ ತರಬೇತಿ ಕೇಂದ್ರಕ್ಕೆ ಇನ್ನೂ ಎರಡು ಲೇತ್ ಬೇಕು

ಆತ್ಮೀಯರೇ,

ದಸರೆಗೆ ನಿಮ್ಮ ಮನೆಯಲ್ಲೂ ಬೊಂಬೆ ಕೂರಿಸುತ್ತೀರಿ ಅಲ್ವಾ? ಅದರಲ್ಲಿ ಒಂದೆರಡಾದರೂ ಚನ್ನಪಟ್ಟಣದ್ದು ಇರಬಹುದು.

ಆ ಬೊಂಬೆ ಒಬ್ಬರ ಕೈಯಿಂದ ಆಗುವುದಲ್ಲ. ಹಾಲೆ ಮರ ತಂದು ಒಣಗಿಸಿ ಕೊಡುವವರು ಒಬ್ಬರು. ಅದನ್ನು ಲೇತ್ ಅನ್ನುವ ತಿರುಗುವ ಯಂತ್ರಕ್ಕೆ ಹಾಕಿ ಉಳಿಯಿಂದ ಕಡೆಯುವವರು ಇನ್ನೊಬ್ಬರು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಮೇಲೆ ತಾಳೆಗರಿ ಹಿಡಿದರೆ ಹೊಳಪು. ಕಣ್ಣು, ಮೂಗು ಬರೆಯುವ ಕೈ ಮತ್ತೆ ಬೇರೆ.

ಮೊಬೈಲ್ ನೋಡಿ ಇದನ್ನು ಕಲಿಯಲು ಆಗುವುದಿಲ್ಲ. ಉಳಿ ಎಷ್ಟು ಒತ್ತಬೇಕು ಅನ್ನುವುದನ್ನು ಉಸ್ತಾದರು ಪಕ್ಕದಲ್ಲಿ ಕೂತೇ ತೋರಿಸಬೇಕು.

ನಮ್ಮಲ್ಲಿಗೆ ಬರುವ ಹೆಣ್ಣುಮಕ್ಕಳು ಮೊದಲ ವಾರ ತಮ್ಮ ತಮ್ಮ ಬೀದಿಯವರ ಜೊತೆಯೇ ಕೂರುತ್ತಾರೆ. ಒಂದೇ ಊರಲ್ಲಿ ಬೆಳೆದಿದ್ದರೂ ಒಬ್ಬರ ಮನೆ ಇನ್ನೊಬ್ಬರು ನೋಡಿರುವುದಿಲ್ಲ. ಅದಕ್ಕೇ ಬೊಂಬೆಯ ತಲೆ ಒಬ್ಬರಿಗೆ, ಮೈ ಇನ್ನೊಬ್ಬರಿಗೆ ಅಂತ ಕೆಲಸ ಹಂಚುತ್ತೇವೆ. ಎರಡೂ ಕೂಡದಿದ್ದರೆ ಇಬ್ಬರೂ ಕೂತು ಸರಿ ಮಾಡಲೇಬೇಕು! ಕಳೆದ ವರ್ಷ ಉಸ್ತಾದರಿಗೆ ಕಣ್ಣಿನ ಆಪರೇಷನ್ ಆಯಿತು. ಸರದಿ ಹಾಕಿಕೊಂಡು ಅವರ ಮನೆಗೆ ಊಟ ಒಯ್ದವರು ಈ ಹೆಣ್ಣುಮಕ್ಕಳೇ. ಯಾರೂ ಹೇಳಿರಲಿಲ್ಲ. ಒಬ್ಬಾಕೆಗೆ ಹೆರಿಗೆಯಾದಾಗ, ಅವಳು ಒಪ್ಪಿಕೊಂಡಿದ್ದ ಆರ್ಡರನ್ನು ಉಳಿದವರು ಮುಗಿಸಿ ದುಡ್ಡನ್ನು ಅವಳ ಕೈಗೇ ಕೊಟ್ಟು ಬಂದರು. ನಾವು ಕೊಡುವ ಸರ್ಟಿಫಿಕೇಟಿಗಿಂತ ನನಗೆ ಇದೇ ಜಾಸ್ತಿ ಅನ್ನಿಸುತ್ತದೆ.

2005-06ರಲ್ಲಿ ನಮ್ಮ ಬೊಂಬೆಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಕಸುಬು ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಸಂತೋಷವೇ. ಆದರೆ 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಆದ ಮೇಲೆ ಎಷ್ಟೋ ಗಾಡಿಗಳು ಊರ ಹೊರಗಿಂದಲೇ ಹೋಗಿಬಿಡುತ್ತವೆ. ಹಳೇ ರಸ್ತೆಯ ಬೊಂಬೆ ಅಂಗಡಿಗಳಲ್ಲಿ ವ್ಯಾಪಾರ ಇಳಿದಿದೆ. ಕಡೆಯುವವರ ಮಕ್ಕಳು ಬೇರೆ ಕೆಲಸ ಹುಡುಕಿ ಬೆಂಗಳೂರಿನ ರೈಲು ಹತ್ತುತ್ತಿದ್ದಾರೆ.

ಈಗ ನಮ್ಮಲ್ಲಿ ಮೂರು ಲೇತ್ ಇವೆ. ಇನ್ನೂ ಎರಡು ಬೇಕು. ಅದಕ್ಕಿಂತ ಮೊದಲು ಧೂಳು ಎಳೆಯುವ ಫ್ಯಾನ್ ಬೇಕೇ ಬೇಕು. ಕೋಣೆ ಸಣ್ಣದು, ಮರದ ಧೂಳು ಎಲ್ಲರ ಎದೆಗೂ ಹೋಗುತ್ತಿದೆ. ಉಸ್ತಾದರ ಗೌರವಧನ, ಹಳ್ಳಿಯಿಂದ ಬರುವವರ ಬಸ್ ಚಾರ್ಜೂ ಇದೆ. ನೂರು ರೂಪಾಯಿ ಕೊಟ್ಟರೂ ಕೈಮುಗಿದು ತೆಗೆದುಕೊಳ್ಳುತ್ತೇವೆ, ರಸೀದಿ ಕೊಡುತ್ತೇವೆ. ದುಡ್ಡು ಕೊಡಲು ಆಗದಿದ್ದರೆ ಮನೆಯ ನಾಮಕರಣಕ್ಕೋ ಹುಟ್ಟುಹಬ್ಬಕ್ಕೋ ಬೇಕಾದ ಬೊಂಬೆಗಳನ್ನು ನಮ್ಮ ಹೆಣ್ಣುಮಕ್ಕಳಿಂದ ಮಾಡಿಸಿ.

ಮೈಸೂರಿಗೆ ಹೋಗುವಾಗ ಒಮ್ಮೆ ಹಳೇ ರಸ್ತೆಗೆ ಗಾಡಿ ತಿರುಗಿಸಿ. ಭಾನುವಾರ ಬಿಟ್ಟು ದಿನವೂ ಇಲ್ಲೇ ಇರುತ್ತೇವೆ.

ಇಂತಿ,
ಟ್ರಸ್ಟಿನ ಎಲ್ಲರ ಪರವಾಗಿ