ದೇಶ ಆಮೇಲೆ, ಮೊದಲು ಕ್ಯಾಲೆಂಡರ್ ತೆಗೆ ಮಾರಾಯ

ಮಂಗಳೂರು
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ಮೂರು ಸಲ ಕೇಳಿದೆ. ಏಳು ನಿಮಿಷದಲ್ಲಿ ನೀನು ಸ್ವೀಡನ್ನಿಗೂ ಹೋದೆ, ಜರ್ಮನಿಗೂ ಹೋದೆ, ಕೊನೆಗೆ ಫ್ರಾನ್ಸಿನಲ್ಲಿ ಕುಚ್ಚಲಕ್ಕಿ ಸಿಗುತ್ತದಾ ಅಂತ ಕೇಳಿ ಮುಗಿಸಿದೆ. ಸ್ಟೂಡೆಂಟ್ ಎಕ್ಸ್‌ಚೇಂಜಿನ ಅರ್ಜಿ ಎಲ್ಲಿಂದ ಶುರು ಮಾಡುವುದು ಅಂತ ಮಾತ್ರ ಕೇಳಲೇ ಇಲ್ಲ! ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ 'ಆಯ್ತು ಆಯ್ತು' ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹಾಗೆಯೇ ಕೇಳುವವರು ನನ್ನ ಹಾಸ್ಟೆಲಿನಲ್ಲೂ ನಾಲ್ಕು ಜನ ಇದ್ದಾರೆ, ಹಾಗಾಗಿ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇನೆ. ಬೇಜಾರು ಮಾಡಬೇಡ.

ಒಂದು ವಿಷಯ ಮೊದಲೇ ತಲೆಗೆ ಹಾಕಿಕೋ. ಎಕ್ಸ್‌ಚೇಂಜ್ ಅಂದರೆ ಅಲ್ಲಿ ಅಡ್ಮಿಶನ್ ಅಲ್ಲ. ನೀನು ಉಡುಪಿಯ ವಿದ್ಯಾರ್ಥಿಯಾಗಿಯೇ ಇರುತ್ತೀಯ, ಫೀಸು ಇಲ್ಲೇ ಕಟ್ಟುತ್ತೀಯ, ಒಂದು ಸೆಮಿಸ್ಟರ್ ಅಲ್ಲಿ ಓದಿ ಬರುತ್ತೀಯ. ಅಲ್ಲಿ ಟ್ಯೂಷನ್ ಫೀಸು ಇಲ್ಲ. ಅದಕ್ಕೆ ಎರಡೂ ಕಡೆಯವರ ನಡುವೆ ಒಪ್ಪಂದ ಇರಬೇಕು. ನಿಮ್ಮ ಕಾಲೇಜಿನವರು ನಿನ್ನ ಹೆಸರು ಕಳಿಸಬೇಕು. ಇದಕ್ಕೆ ನಾಮಿನೇಶನ್ ಅನ್ನುತ್ತಾರೆ. ಅದು ಆಗದೆ ಅಲ್ಲಿಯ ವೆಬ್‌ಸೈಟಿನಲ್ಲಿ ಎಷ್ಟು ಹುಡುಕಿದರೂ ಪ್ರಯೋಜನ ಇಲ್ಲ. ಅಂದರೆ ನೀನು ಆರಿಸಬೇಕಾದದ್ದು ಯುರೋಪಿನ ಭೂಪಟದಿಂದ ಅಲ್ಲ, ನಿಮ್ಮ ಇಂಟರ್‌ನ್ಯಾಷನಲ್ ಆಫೀಸಿನಲ್ಲಿರುವ ಪಟ್ಟಿಯಿಂದ.

ಆ ಪಟ್ಟಿ ಸಿಕ್ಕಿದ ಮೇಲೂ ದೇಶ ನೋಡಬೇಡ. ನಿಮ್ಮ ಕಾಲೇಜಿನ ಕ್ಯಾಲೆಂಡರ್ ಪಕ್ಕದಲ್ಲಿಟ್ಟು ಅವರ ತಾರೀಕು ನೋಡು. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಹೆಚ್ಚಿನ ಯೂನಿವರ್ಸಿಟಿಗಳಲ್ಲಿ ಕಾಗದದ ಮೇಲೆ ಅಕ್ಟೋಬರ್ 1ರಿಂದ ಮಾರ್ಚ್ 31. ಪಾಠ ಶುರುವಾಗುವುದು ಅಕ್ಟೋಬರ್ ಮಧ್ಯದಲ್ಲಿ, ಮುಗಿಯುವುದು ಫೆಬ್ರುವರಿಯಲ್ಲಿ, ಪರೀಕ್ಷೆ ಅದರ ಬೆನ್ನಿಗೆ. ನಮ್ಮಲ್ಲಿ ಆ ಹೊತ್ತಿಗೆ ಮುಂದಿನ ಸೆಮಿಸ್ಟರ್ ಶುರುವಾಗಿ, ಮೊದಲ ಇಂಟರ್ನಲ್ಸ್ ಕೂಡ ಹತ್ತಿರ ಬಂದಿರುತ್ತದೆ. ಬೇಸಿಗೆ ಸೆಮಿಸ್ಟರ್ ಆರಿಸಿದರೆ ಇನ್ನೂ ಕಷ್ಟ. ಅದು ಏಪ್ರಿಲಿನಲ್ಲಿ ಹಿಡಿದರೆ ಜುಲೈ ದಾಟುತ್ತದೆ, ನಮ್ಮ ಎರಡು ಸೆಮಿಸ್ಟರುಗಳನ್ನೂ ಕಚ್ಚುತ್ತದೆ. ಸ್ವೀಡನ್ನಿನದ್ದು ಆಗಸ್ಟ್ ಕೊನೆಯಿಂದ ಜನವರಿ ಮಧ್ಯದವರೆಗೆ. ನಮಗೆ ಹೆಚ್ಚು ಹೊಂದುವುದು ಅದೇ. ನನ್ನ ಪಟ್ಟಿಯಲ್ಲಿ ಸ್ವೀಡನ್ ಇರಲಿಲ್ಲ, ನಾನು ಹೋಗುವುದು ಜರ್ಮನಿಗೆ. ಹಾಗಾಗಿ ವಾಪಸು ಬಂದ ಮೇಲೆ ಅಟೆಂಡೆನ್ಸ್ ಏನು ಮಾಡುವುದು ಅಂತ ಎಚ್‌ಒಡಿ ಹತ್ತಿರ ಬರೆಸಿಕೊಂಡಿದ್ದೇನೆ. ಬಾಯಿಮಾತಿನಲ್ಲಿ 'ನೋಡುವ' ಅಂದರೆ ನಂಬಬೇಡ. ನಮ್ಮ ಕಡೆ 'ನೋಡುವ' ಅಂದರೆ ಏನರ್ಥ ಅಂತ ನಿನಗೆ ಗೊತ್ತುಂಟಲ್ಲ.

ಮುಂದಿನದು ಲರ್ನಿಂಗ್ ಅಗ್ರಿಮೆಂಟ್. ಒಂದು ಕಾಲಮ್ಮಿನಲ್ಲಿ ಅಲ್ಲಿ ಓದುವ ಕೋರ್ಸು, ಎದುರಿನ ಕಾಲಮ್ಮಿನಲ್ಲಿ ಇಲ್ಲಿ ಅದು ಯಾವ ಸಬ್ಜೆಕ್ಟಿಗೆ ಸಮ. ನಿನ್ನ ಸಹಿ, ಇಲ್ಲಿಯವರ ಸಹಿ, ಅಲ್ಲಿಯವರ ಸಹಿ, ಮೂರೂ ಬೇಕು. ಯುರೋಪಿನ ಕ್ರೆಡಿಟ್ಟಿಗೆ ಇಸಿಟಿಎಸ್ ಅನ್ನುತ್ತಾರೆ. ಸೆಮಿಸ್ಟರಿಗೆ 30, ಒಂದೊಂದಕ್ಕೆ 25ರಿಂದ 30 ಗಂಟೆಯ ಕೆಲಸ. ನಮ್ಮಲ್ಲಿ ಸೆಮಿಸ್ಟರಿಗೆ 20 ಕ್ರೆಡಿಟ್ ಅಂತ ಹಿಡಿದರೆ ಅವರ 6 ನಮ್ಮ 4ಕ್ಕೆ ಸಮ. ಲೆಕ್ಕ ಸುಲಭ, ಒಪ್ಪಿಸುವುದು ಕಷ್ಟ. ಕೋರ್ಸಿನ ಹೆಸರು ಹೊಂದಿದರೆ ಸಾಲದು, ಒಳಗಿನ ಪಾಠ ಹೊಂದಬೇಕು. ನನ್ನ ಐದು ಕೋರ್ಸುಗಳಲ್ಲಿ ಎರಡನ್ನು ಸರ್ ಕೆಂಪು ಪೆನ್ನಿನಲ್ಲಿ ಹೊಡೆದರು. ಒಂದು ನಮ್ಮ ಮೂರನೇ ಸೆಮಿಸ್ಟರಿನಲ್ಲೇ ಮುಗಿದದ್ದು. ಇನ್ನೊಂದು ಜರ್ಮನ್ ಭಾಷೆಯಲ್ಲಿ ಮಾತ್ರ ನಡೆಯುವುದು, ನಾನು ಆ ಸಣ್ಣ ಅಕ್ಷರ ಓದಿರಲೇ ಇಲ್ಲ. ಪಾಠದ ಭಾಷೆ ಯಾವುದು ಅಂತ ಪ್ರತಿ ಕೋರ್ಸಿಗೂ ನೋಡು. ಬಿಟ್ಟುಹೋದ ಕ್ರೆಡಿಟ್ ಮುಂದೆ ನಿನ್ನ ತಲೆ ಮೇಲೆಯೇ ಬೀಳುತ್ತದೆ.

ಮಾರ್ಕಿನ ಬಗ್ಗೆ ಮಂಡೆಬಿಸಿ ಮಾಡಬೇಡ. ನಿನ್ನ ಸಿಜಿಪಿಎ 8.2, ಪಾಸಿಗೆ 4 ಅಂತಿಟ್ಟುಕೊಂಡರೆ ಅವರ ಲೆಕ್ಕದಲ್ಲಿ ಅದು 1.9. ಜರ್ಮನಿಯಲ್ಲಿ 1 ಅಂದರೆ ಮೇಲು, 4 ದಾಟಿದರೆ ಫೇಲು. ನನ್ನದು 1.7 ಬಂತು ಅಂತ ಅಪ್ಪನಿಗೆ ಹೇಳಿದಾಗ ಅವರು ಪೇಪರ್ ಕೆಳಗಿಟ್ಟು, "ಅಷ್ಟೂ ಕಡಿಮೆಯಾ?" ಅಂತ ಕೇಳಿದರು.

ಈಗ ಹೋದ ವರ್ಷ ನನ್ನ ಅರ್ಜಿ ಕೈತಪ್ಪಿದ ಕಥೆ. ನೀನು ತಮಾಷೆ ಮಾಡಿದ್ದೆ, ನಾನು ಕಾರಣ ಹೇಳಿರಲಿಲ್ಲ.

ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಕೊನೆಗೆ ಒಂದು 'ಕೆ' ಉಂಟು. ಕೆ ಅಂದರೆ ಕಾಪು, ಅಜ್ಜಿಮನೆಯ ಊರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಇನಿಷಿಯಲ್ ಎಂತ ಕೇಳಿದರಂತೆ, ಅಜ್ಜಿ ಊರಿನ ಹೆಸರು ಹೇಳಿದರಂತೆ. ಹನ್ನೆರಡು ವರ್ಷ ಯಾರಿಗೂ ತೊಂದರೆ ಆಗಲಿಲ್ಲ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. 1500 ರೂಪಾಯಿ ಕಟ್ಟಿ ಇಲ್ಲಿಯ ಸೇವಾ ಕೇಂದ್ರಕ್ಕೆ ಹೋದೆ, ಸರ್‌ನೇಮ್ ಜಾಗದಲ್ಲಿ ಕಾಪು ಅಂತಲೇ ಬಂತು. ಕಾಲೇಜಿನ ದಾಖಲೆಯಲ್ಲಿ ಮಾತ್ರ ಅದೇ ಹಳೇ ಕೆ. ನಾಮಿನೇಶನ್ ಆದ ಮೇಲೆ ಅಲ್ಲಿಂದ ಮೇಲ್ ಬಂತು: ಟ್ರಾನ್ಸ್‌ಕ್ರಿಪ್ಟಿನಲ್ಲಿ (ಕಾಲೇಜಿನ ಎಲ್ಲ ಸೆಮಿಸ್ಟರಿನ ಅಂಕಪಟ್ಟಿ) ಇರುವವರು ಯಾರು, ಪಾಸ್‌ಪೋರ್ಟಿನಲ್ಲಿ ಇರುವವರು ಯಾರು? ನಾನು ಹೊಸ ಟ್ರಾನ್ಸ್‌ಕ್ರಿಪ್ಟಿಗೆ ಅರ್ಜಿ ಕೊಟ್ಟೆ. ಪರೀಕ್ಷೆಯ ಸಮಯ, ಆಮೇಲೆ ರಜೆ. ದಿನಾ ಆಫೀಸಿನ ಕಿಟಕಿಗೆ ಹೋಗಿ ನಿಲ್ಲುವುದು, 'ನಾಳೆ ಬನ್ನಿ' ಕೇಳಿಕೊಂಡು ಬರುವುದು. ಕಾಗದ ಕೈಗೆ ಬಂದಾಗ ಅಲ್ಲಿಯ ಕೊನೆಯ ದಿನ ದಾಟಿ ನಾಲ್ಕು ದಿನ ಆಗಿತ್ತು. ಅವರ ಮೇಲೆ ಸಿಟ್ಟು ಬಂದದ್ದು ಹೌದು. ಆದರೆ ಆ 'ಕೆ' ನನ್ನ ಕಣ್ಣೆದುರೇ ಇತ್ತಲ್ಲ, ಎರಡು ವರ್ಷದಿಂದ.

ಈ ಸಲ ಮೊದಲೇ ನೋಟರಿ ಹತ್ತಿರ ಇಬ್ಬರೂ ಒಬ್ಬನೇ ಅಂತ ಅಫಿಡವಿಟ್ ಮಾಡಿಸಿದೆ. ಕಾಲೇಜಿನಿಂದಲೂ ಒಂದು ಪತ್ರ ತೆಗೆದುಕೊಂಡೆ. ಈಗ ಅಲ್ಲಿಂದ ಬರುವ ಮೇಲುಗಳೆಲ್ಲ 'ಡಿಯರ್ ಮಿಸ್ಟರ್ ಕಾಪು' ಅಂತ ಶುರುವಾಗುತ್ತವೆ. ಅಮ್ಮನಿಗೆ ಓದಿ ಹೇಳಿದೆ. "ಇಡೀ ಊರಿಗೇ ಕಾಗದ ಬಂದ ಹಾಗಾಯ್ತಲ್ಲ" ಅಂದರು. ನಿನ್ನದು ಇನ್ನೂ ಚಂದ. ಮಾರ್ಕ್ಸ್ ಕಾರ್ಡಿನಲ್ಲಿ ಅಮ್ಮನ ಕಡೆಯ ಸರ್‌ನೇಮ್, ಆಧಾರಿನಲ್ಲಿ ಅಪ್ಪನ ಇನಿಷಿಯಲ್. ನಾಳೆಯೇ ಶುರು ಮಾಡು.

ಮೋಟಿವೇಶನ್ ಲೆಟರ್ ಬಗ್ಗೆ ಕೇಳಿದ್ದೆ. ನನ್ನ ಮೊದಲ ಪ್ರತಿ ನೋಡಿದರೆ ನಗುತ್ತೀಯ. ಒಂದೂವರೆ ಪುಟ ಕಿಟೆಲ್! 1894ರ ನಿಘಂಟು, ಬಾಸೆಲ್ ಮಿಶನ್ ಪ್ರೆಸ್, 1865ರಲ್ಲಿ ಶುರುವಾದ ಹಂಚಿನ ಕಾರ್ಖಾನೆ, ನಮ್ಮ ಮನೆಯ ಮಾಡಿನ ಹಂಚು, ಕಿಟೆಲ್ ತೀರಿಕೊಂಡ ಟ್ಯೂಬಿಂಗನ್ ನಾನು ಹೋಗುವ ಊರಿಗೆ ಹತ್ತಿರ ಇರುವುದು, ಎಲ್ಲ. ಓದಿದ ಸರ್ ಕನ್ನಡಕ ತೆಗೆದು, "ನೀನು ಹೋಗುವುದು ಕಿಟೆಲ್ ಹುಡುಕಲಿಕ್ಕಾ, ಹೈಡ್ರಾಲಿಕ್ಸ್ ಓದಲಿಕ್ಕಾ?" ಅಂದರು. ಎಲ್ಲ ತೆಗೆದು ಮತ್ತೆ ಹೀಗೆ ಬರೆದೆ: ಉಳ್ಳಾಲದಲ್ಲಿ ಕಡಲು ಕೊರೆಯುವುದನ್ನು ಪ್ರತಿ ಮಳೆಗಾಲ ನೋಡುತ್ತೇನೆ. ಕಲ್ಲು ತಂದು ಹಾಕುತ್ತಾರೆ, ಮರಳು ಪಕ್ಕದಿಂದ ಹೋಗುತ್ತದೆ. ಮರಳು ನೀರಿನ ಜೊತೆ ಹೇಗೆ ಸಾಗುತ್ತದೆ ಅನ್ನುವ ಕೋರ್ಸು ನಿಮ್ಮಲ್ಲಿ ಉಂಟು, ನಮ್ಮಲ್ಲಿ ಇಲ್ಲ. ಇಷ್ಟೇ. ಮುಕ್ಕಾಲು ಪುಟ. ಕಿಟೆಲ್ ಹೋದದ್ದಕ್ಕೆ ನನಗೆ ಇವತ್ತಿಗೂ ಸ್ವಲ್ಪ ಬೇಸರ ಉಂಟು, ಸರ್ ಹೇಳಿದ್ದು ಸರಿಯೇ ಆದರೂ.

ದುಡ್ಡು. ಜರ್ಮನಿಗಾದರೆ ತಿಂಗಳಿಗೆ 992 ಯೂರೋದಂತೆ ಬ್ಲಾಕ್ಡ್ ಅಕೌಂಟಿನಲ್ಲಿ ಮೊದಲೇ ತೋರಿಸಬೇಕು. ಆರು ತಿಂಗಳಿಗೆ 5,952. ಯೂರೋಗೆ ನೂರು ರೂಪಾಯಿ ಹಿಡಿದರೆ ಆರು ಲಕ್ಷದ ಹತ್ತಿರ. ಅದು ಫೀಸಲ್ಲ, ನಮ್ಮದೇ ದುಡ್ಡು, ಅಲ್ಲಿ ಹೋದ ಮೇಲೆ ತಿಂಗಳು ತಿಂಗಳು ನಮಗೇ ಕೊಡುತ್ತಾರೆ. ಅಪ್ಪ ಸೊಸೈಟಿಯ ಡಿಪಾಸಿಟ್ ಮುರಿದರು. "ನಮ್ಮ ದುಡ್ಡು ನಮಗೇ ಕಂತಿನಲ್ಲಿ ಕೊಡಲಿಕ್ಕೆ ಅವರಿಗೆ ಚಾರ್ಜ್ ಬೇರೆ ಉಂಟಾ?" ಅಂತ ಅಮ್ಮ ಇನ್ನೂ ಕೇಳುತ್ತಿದ್ದಾರೆ. ನಿಮ್ಮ ಕಾಲೇಜಿನ ಒಪ್ಪಂದ ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಪ್ಲಸ್ ಯೋಜನೆಯ ಅಡಿಯಲ್ಲಿದ್ದರೆ ತಿಂಗಳ ಸ್ಕಾಲರ್‌ಶಿಪ್ ಮತ್ತು ಪ್ರಯಾಣದ ಖರ್ಚು ಸಿಗುವುದುಂಟು. ಪಟ್ಟಿ ನೋಡುವಾಗ ಇದನ್ನು ಕೇಳಲು ಮರೆಯಬೇಡ.

ಇಂಗ್ಲಿಷ್ ಪರೀಕ್ಷೆಗೆ ಈಗಲೇ ದುಡ್ಡು ಕಟ್ಟಬೇಡ. ಐಇಎಲ್‌ಟಿಎಸ್ ಅಂಕಕ್ಕೆ ಎರಡೇ ವರ್ಷ ಆಯುಸ್ಸು. ಎಕ್ಸ್‌ಚೇಂಜಿಗೆ ಹಲವು ಕಡೆ ಕಾಲೇಜಿನ ಪತ್ರವೇ ಸಾಕಾಗುತ್ತದೆ, ನನಗೂ ಸಾಕಾಯಿತು.

ವೀಸಾಕ್ಕೆ ಬೆಂಗಳೂರಿಗೇ ಹೋಗಬೇಕು. ಮೂರು ತಿಂಗಳಿಗಿಂತ ಜಾಸ್ತಿ ಇರುವವರಿಗೆ ಟೂರಿಸ್ಟುಗಳ ಷೆಂಗೆನ್ ವೀಸಾ ಆಗುವುದಿಲ್ಲ. ನನ್ನ ಅಪಾಯಿಂಟ್‌ಮೆಂಟ್ ಜುಲೈ ಎರಡನೇ ವಾರ, ಬೆಳಿಗ್ಗೆ 9ಕ್ಕೆ. ಜುಲೈ ಅಂದರೆ ಶಿರಾಡಿ ಘಾಟಿಯ ಕಥೆ ಗೊತ್ತಲ್ಲ. ಗುಡ್ಡ ಜರಿದರೆ ಬಸ್ಸು ಎಲ್ಲಿ ಸುತ್ತಿ ಯಾವಾಗ ಮುಟ್ಟುತ್ತದೋ. ಆರು ಲಕ್ಷ ಹೊಂದಿಸಿ, ಹೆಸರು ಸರಿ ಮಾಡಿಸಿ, ಕೊನೆಗೆ ಸಕಲೇಶಪುರದಲ್ಲಿ ಚಹಾ ಕುಡಿಯುತ್ತಾ ಕೂತರೆ? ಹಾಗಾಗಿ ಎರಡು ದಿನ ಮೊದಲೇ ಹೊರಡುತ್ತೇನೆ, ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತೇನೆ.

ಶನಿವಾರ ಸಂಜೆ ಪಬ್ಬಾಸಿಗೆ ಬಾ. ಗಡ್‌ಬಡ್ ಐಸ್‌ಕ್ರೀಂ ನನ್ನ ಲೆಕ್ಕದಲ್ಲಿ. ಬರುವಾಗ ನಿನ್ನ ಮಾರ್ಕ್ಸ್ ಕಾರ್ಡು, ಆಧಾರ್, ಮತ್ತೆ ಐದನೇ ಸೆಮಿಸ್ಟರಿನ ಪೂರ್ತಿ ಸಿಲಬಸ್ ತಾ. ಪ್ರಿಂಟ್ ತೆಗೆಸಿಯೇ ತಾ, ಮೊಬೈಲಿನಲ್ಲಿ ತೋರಿಸಬೇಡ. ಕೆಂಪು ಪೆನ್ನು ನಾನು ತರುತ್ತೇನೆ.

ನಿನ್ನ,
ಮಿಸ್ಟರ್ ಕಾಪು