ಜೂನ್‌ನಲ್ಲಿ ಗಾಳ ಬೇಡ ಗೆಳೆಯಾ

ಪ್ರಿಯ ಗೆಳೆಯಾ,

ನಿನ್ನ ಪತ್ರ ಓದಿ ಖುಷಿಯಾಯಿತು. ಮಸ್ಕತ್‌ನ ಶಾಲೆಗೆ ಜೂನ್‌ನಲ್ಲಿ ರಜೆ, ಆಗ ಮಗಳನ್ನು ಕರೆದುಕೊಂಡು ಬರುತ್ತೇನೆ, ಅವಳಿಗೆ ಗಾಳ ಹಾಕುವುದನ್ನು ನೀನೇ ಕಲಿಸಬೇಕು ಎಂದು ಬರೆದಿದ್ದೀಯ. ಖಂಡಿತ ಕಲಿಸುತ್ತೇನೆ. ಆದರೆ ಜೂನ್‌ನಲ್ಲಿ ಅಲ್ಲ. ಕಾರಣವನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಇದೇ ಪ್ರಶ್ನೆಯನ್ನು ಬೇರೆ ಗೆಳೆಯರೂ ಕೇಳುತ್ತಿರುತ್ತಾರೆ, ಅವರೂ ಓದಿಕೊಳ್ಳಲಿ ಎಂದು ವಿವರವಾಗಿ ಬರೆದು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ.

ಹೊಸನಗರದ ಕಡೆ ಮೃಗಶಿರಾ ಮಳೆ ಹಿಡಿದು, ಹಳ್ಳಗಳಲ್ಲಿ ಕೆಂಪು ನೀರು ಬಂದ ಕೂಡಲೇ ಮೀನು ಹತ್ತುವುದು ನಿನಗೆ ನೆನಪಿರಬೇಕು. ಬೇಸಿಗೆಯುದ್ದಕ್ಕೂ ಹೊಳೆಯ ಗುಂಡಿಗಳಲ್ಲಿ ಹೇಗೋ ಜೀವ ಹಿಡಿದುಕೊಂಡಿದ್ದ ಮೀನುಗಳು ಹೊಸ ನೀರು ಸಿಕ್ಕಿದ್ದೇ ತಡ, ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರಿ ಬರುತ್ತವೆ. ಹೀಗೆ ಹತ್ತಿ ಬರುವ ಮೀನಿನ ಹೊಟ್ಟೆಯ ತುಂಬ ಮೊಟ್ಟೆ. ಗದ್ದೆಯ ಮೊಣಕಾಲುದ್ದದ ನೀರಿನಲ್ಲಿ ಮರಿಗಳಿಗೆ ದೊಡ್ಡ ಮೀನುಗಳ ಕಾಟ ಕಡಿಮೆ, ತಿನ್ನಲು ಹುಳುಹುಪ್ಪಟೆ ಧಾರಾಳ. ಅದಕ್ಕಾಗಿಯೇ ಆ ಪ್ರಯಾಸದ ಪ್ರಯಾಣ. ದಾರಿಯಲ್ಲಿ ಕೂಣಿ ಎಂಬ ಮೀನಿನ ಬೋನು ಒಡ್ಡಿ ಕುಳಿತರೆ ಬುಟ್ಟಿ ತುಂಬುತ್ತದೆ ನಿಜ, ಆದರೆ ಒಂದು ಬುಟ್ಟಿಯ ಜೊತೆಗೆ ಮುಂದಿನ ವರ್ಷದ ಹೊಳೆಯೇ ಖಾಲಿಯಾಗುತ್ತದೆ. ಆ ದಿನಗಳಲ್ಲಿ ನಾನು ಸಿಹಿನೀರಿಗೆ ಗಾಳ ಇಳಿಸುವುದಿಲ್ಲ. ಮಗಳನ್ನು ಕರೆತಂದರೆ ಕೊಡೆ ಹಿಡಿದು ಗದ್ದೆಯ ಬದುವಿನ ಮೇಲೆ ನಿಲ್ಲಿಸುತ್ತೇನೆ. ಅಂಗೈಯಷ್ಟಗಲದ ಕಂಡಿಯಲ್ಲಿ ರಭಸದಿಂದ ಇಳಿಯುವ ನೀರಿಗೆ ಎದುರಾಗಿ ಬೆರಳುದ್ದದ ಮೀನೊಂದು ಹಾರುತ್ತದೆ, ಹಿಂದಕ್ಕೆ ಬೀಳುತ್ತದೆ, ಬದುವಿನ ಹುಲ್ಲಿಗೆ ಮೈ ಒತ್ತಿ ಸುಧಾರಿಸಿಕೊಂಡು ಮತ್ತೆ ಹಾರುತ್ತದೆ. ಅದನ್ನು ಅವಳು ನೋಡಲಿ. ಗಾಳ ಆಮೇಲೆ ಕಲಿತರಾಯಿತು.

ಕಡಲಿನ ಮಾತೂ ಹೆಚ್ಚುಕಡಿಮೆ ಅದೇ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧವಿದ್ದು ಯಾಂತ್ರೀಕೃತ ದೋಣಿಗಳೇ ದಡದಲ್ಲಿರುತ್ತವೆ. ನಾವು ಮೋಜಿಗೆ ಗಾಳ ಹಾಕುವವರು ಅಷ್ಟು ದಿನ ಸುಮ್ಮನಿರಲಾರೆವೇ?

ಇನ್ನು ನನ್ನ ಈಗಿನ ಊರಾದ ಕುಂದಾಪುರದ ನೀರಿನ ವಿಷಯಕ್ಕೆ ಬರುತ್ತೇನೆ. ಬರೆಯಲು ಕೈ ತುರಿಸುತ್ತಿರುವುದೇ ಇದರ ಬಗ್ಗೆ. ನಮ್ಮ ಮಲೆನಾಡಿನಲ್ಲಿ ಹುಟ್ಟುವ ವಾರಾಹಿ ಘಟ್ಟ ಇಳಿದು ಬಂದು ಇಲ್ಲಿ ಸೌಪರ್ಣಿಕಾ, ಚಕ್ರಾ, ಕುಬ್ಜಾ, ಖೇಟಕಿಯರ ಜೊತೆ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತದೆ. ದೀಪಾವಳಿ ಕಳೆದು ನೀರು ತಿಳಿಯಾದ ಮೇಲೆ ಇಲ್ಲಿ ಗಾಳ ಹಾಕುವ ಸುಖವೇ ಬೇರೆ. ಕೆರೆಯಲ್ಲಿ ಕಲಿತವನಿಗೆ ಮೊದಲು ಗಲಿಬಿಲಿಯಾಗುತ್ತದೆ, ಏಕೆಂದರೆ ಇಲ್ಲಿ ಗಡಿಯಾರಕ್ಕಿಂತ ಪಂಚಾಂಗ ಮುಖ್ಯ. ಭರತ, ಅಂದರೆ ಕಡಲಿನ ಉಬ್ಬರ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಜೋರು, ಅಷ್ಟಮಿಯ ಸುತ್ತಮುತ್ತ ಮಂದ. ನೀರು ಏರಲು ಶುರುವಾದ ಮೊದಲ ಒಂದೆರಡು ತಾಸು ನನಗೆ ಅತ್ಯಂತ ಪ್ರಿಯ. ಅಷ್ಟು ಹೊತ್ತು ಒಣಗಿದ್ದ ಮರಳ ದಿಬ್ಬದ ಮೇಲೆ ನೀರು ಹರಡಿಕೊಳ್ಳುತ್ತದೆ, ಅದರ ಬೆನ್ನಿಗೇ ಹುಳ ಹುಡುಕುತ್ತ ಕಾಣೆ ಮೀನುಗಳು ಬರುತ್ತವೆ.

ಕುಂದಾಪುರದ ಕಾಣೆಯನ್ನು ನೀನು ಬಾಣಲೆಯಲ್ಲಿ ಮಾತ್ರ ಕಂಡವನು. ಜೀವಂತ ಕಾಣೆಯನ್ನು ಒದ್ದೆ ಕೈಯಲ್ಲಿ ಹಿಡಿದು ನೋಡಬೇಕು. ಬೆನ್ನು ತಿಳಿ ಕಂದು, ಪಕ್ಕೆಗಳಲ್ಲಿ ಬೆಳ್ಳಿಯ ಹೊಳಪು, ಚೂಪು ಮೂತಿ, ಅದರ ತುದಿಯಲ್ಲಿ ಪುಟ್ಟ ಬಾಯಿ. ಬೆದರಿದರೆ ಮರಳೊಳಗೆ ಹುದುಗಿಬಿಡುವ ಜಾತಿ. ಅದಕ್ಕೆ ನೀರಿನ ಮೇಲೆ ತೇಲುವ ಬೆಂಡು ಬೇಕಿಲ್ಲ. ಸಣ್ಣ ಗಾಳ, ಸಿಪ್ಪೆ ಸುಲಿದ ಸಿಗಡಿಯ ಚೂರು, ಮರಳ ಮೇಲೆ ನೀರಿನ ಸೆಳೆತಕ್ಕೆ ನಿಧಾನ ಉರುಳುವಷ್ಟೇ ತೂಕದ ಸೀಸದ ಗುಂಡು, ಇಷ್ಟು ಸಾಕು. ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು ನಿಲ್ಲಬೇಕು. ಗುಂಡು ಉರುಳುವಾಗ ಮರಳಿನ ತರಿ ಬೆರಳಿಗೆ ತಿಳಿಯುತ್ತದೆ. ಕಾಣೆ ಮುಟ್ಟಿದಾಗ ಟಕ್ ಟಕ್ ಎಂದು ಬೇರೆಯದೇ ಒಂದು ಮಿಡಿತ. ಏಡಿ ಎಳೆದರೆ ಭಾರವಾಗಿ ಎಳೆಯುತ್ತದೆ, ಮಿಡಿಯುವುದಿಲ್ಲ. ಕಣ್ಣಿಗೆ ಕಾಣದ ತಳವನ್ನು ಒಂದು ಬೆರಳಿನಿಂದ ಓದುವ ಈ ಕೆಲಸ ಮಕ್ಕಳಿಗೆ ನಮಗಿಂತ ಬೇಗ ಹಿಡಿಸುತ್ತದೆ.

ಅಳಿವೆಯ ಕಾಂಡ್ಲಾ ಗಿಡಗಳ (ಮ್ಯಾಂಗ್ರೋವ್) ಬೇರುಗಳ ಬುಡದಲ್ಲಿ, ಸೇತುವೆಯ ಕಂಬಗಳ ಹತ್ತಿರ ಕೆಂಬೇರಿ ಮೀನುಗಳಿರುತ್ತವೆ. ಅದು ಇನ್ನೊಂದು ಬಗೆಯ ಆಟ. ಜೀವಂತ ಸಿಗಡಿ ಕಟ್ಟಿ ಸಂಜೆಗತ್ತಲಲ್ಲಿ ಕಾಯಬೇಕು, ಕಚ್ಚಿದ ಕ್ಷಣವೇ ಬೇರಿನಿಂದ ಆಚೆಗೆ ಎಳೆದುಕೊಳ್ಳಬೇಕು. ಮೊದಲ ಎಳೆತದಲ್ಲಿ ಗೆಲ್ಲದಿದ್ದರೆ ದಾರ ಹೋಯಿತೆಂದೇ ಲೆಕ್ಕ. ಅದು ನಿನಗೂ ನನಗೂ ಇರಲಿ. ಮಗಳಿಗೆ ಕಾಣೆಯೇ ಸರಿ.

ಬೇಸಿಗೆಯಲ್ಲಿ ಮಾತ್ರ ನಾನು ಹುಲಿಕಲ್ ಘಾಟಿ ಹತ್ತಿ ಶರಾವತಿಯ ಹಿನ್ನೀರಿಗೆ ಹೋಗುತ್ತೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಏಪ್ರಿಲ್ ಹೊತ್ತಿಗೆ ನೀರಿನಿಂದ ತಲೆ ಎತ್ತುತ್ತವೆ. ಆ ಬೊಡ್ಡೆಗಳ ನೆರಳಿನಲ್ಲಿ ಕೊರವ ಮೀನು. ಅದು ಗಾಳಿಯನ್ನೂ ಉಸಿರಾಡುವ ಮೀನು, ಆಗಾಗ ಮೇಲೆ ಬಂದು ಬಾಯಿ ತೆರೆದು ಹೋಗುತ್ತದೆ, ಜಾಗ ತಿಳಿಯುವುದು ಹಾಗೆ. ಕೆಲವೊಮ್ಮೆ ನೀರಿನ ಮೇಲ್ಮೈಯಲ್ಲಿ ಕೆಂಪು ಮರಿಗಳ ಮುದ್ದೆಯೊಂದು ಗುಳುಗುಳು ಕುದಿಯುತ್ತಿರುತ್ತದೆ. ಅದರ ಕೆಳಗೆ ತಾಯಿ ತಂದೆ ಕಾವಲಿರುತ್ತವೆ, ಎದುರು ಏನು ಬಿದ್ದರೂ ಮರಿಗಳ ಮೇಲಿನ ಆತಂಕಕ್ಕೆ ಎಗರಿ ಕಚ್ಚುತ್ತವೆ. ಅಲ್ಲಿ ಗಾಳ ಎಸೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಾವಲು ಹೋದರೆ ಆ ಮರಿಗಳನ್ನು ಉಳಿದ ಮೀನುಗಳು ತಿಂದು ಮುಗಿಸುತ್ತವೆ. ತೋಟೆ ಸಿಡಿಸುವವರ, ಹೊಳೆಗೆ ವಿಷ ಹಾಕುವವರ ಮಾತು ಬಿಡು. ಅವರು ಗಾಳದವರೇ ಅಲ್ಲ.

ಕೆರೆಯಲ್ಲಿ ಕುಳಿತು ಬೆಂಡು ನೋಡುವ ಸುಖವನ್ನೂ ಮರೆಯಬೇಡ. ಸಣ್ಣ ಮೀನು ಬೆಂಡನ್ನು ಕುಣಿಸುತ್ತದೆ. ಚೇಳು ಮೀನು ಓರೆಯಾಗಿ ಎಳೆದುಕೊಂಡು ಹೋಗುತ್ತದೆ. ಅದರ ಕಿವಿರಿನ ಪಕ್ಕದ ಮುಳ್ಳು ವಿಷಕಾರಿ, ಮಗಳು ಮುಟ್ಟದಂತೆ ನೋಡಿಕೋ. ಗೆಂಡೆ ಮೀನು ತಳದಿಂದ ರಾಗಿ ಹಿಟ್ಟಿನ ಉಂಡೆ ಎತ್ತಿಕೊಂಡರೆ ಬೆಂಡು ಮುಳುಗುವ ಬದಲು ಮೇಲೆದ್ದು ಅಡ್ಡ ಮಲಗುತ್ತದೆ. ಆಗ ಎಳೆಯಬೇಕು.

ಬಿಳಿಮೀನಿನ, ಅಂದರೆ ಹೊಳೆಯ ದೊಡ್ಡ ಮೀನಾದ ಮಹಸೀರ್‌ನ ಬಗ್ಗೆ ಕೇಳಿದ್ದೀಯ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ, ಅಂದರೆ 54 ಕಿಲೋಗೂ ಮಿಕ್ಕ ಮಹಸೀರ್ ಹಿಡಿದಿದ್ದರು. ಆ ಗೂನುಬೆನ್ನಿನ ಕಾವೇರಿ ಮಹಸೀರ್ 2018ರಲ್ಲಿ ಅಳಿವಿನ ಅತಿ ಗಂಭೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಒಳ್ಳೆಯ ಉದ್ದೇಶದಿಂದಲೇ ಬೇರೆ ಜಾತಿಯ ನೀಲಿರೆಕ್ಕೆಯ ಮಹಸೀರ್ ಮರಿಗಳನ್ನು ವರ್ಷಗಟ್ಟಲೆ ತಂದು ಕಾವೇರಿಗೆ ಬಿಟ್ಟರು. ಅವು ಹೆಚ್ಚಿದವು, ಮೂಲದ ಮೀನು ಮರೆಯಾಗುತ್ತ ಬಂತು. ಕಾವೇರಿ ದಡದ ಭೀಮೇಶ್ವರಿಯ ಕಾಡಂಚಿನಲ್ಲಿ ಗಾಳದ ಶಿಬಿರಗಳೂ ಈಗಿಲ್ಲ. ಅಂಥ ಮೀನು ದಾರದ ತುದಿಯಲ್ಲಿ ಸಿಗಲಿ ಎಂಬ ಆಸೆ ನನಗೀಗ ಇಲ್ಲ. ಹೊಳೆಯಲ್ಲಿ ಅದು ಇದ್ದರೆ ಸಾಕು. ಮಗಳಿಗೆ ಮಹಸೀರ್ ತೋರಿಸಲೇಬೇಕೆಂದರೆ ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂರಿಸು, ದೇವರ ಮೀನುಗಳು ಕಾಲ ಬುಡಕ್ಕೇ ಬರುತ್ತವೆ.

ಹಾಗಾಗಿ ಜೂನ್‌ನಲ್ಲಿ ಬಂದರೆ ಮಳೆ ನೋಡಲು ಬಾ, ಗಾಳಕ್ಕೆ ಡಿಸೆಂಬರ್ ರಜೆಯಲ್ಲಿ ಬಾ. ಬೆಳಗಿನ ಭರತ ಯಾವ ದಿನಗಳಲ್ಲಿ ಚೆನ್ನಾಗಿದೆ ಎಂದು ನೋಡಿ ಹೇಳುತ್ತೇನೆ, ಆಮೇಲೆ ಟಿಕೆಟ್ ಮಾಡಿಸು. ಅಲ್ಲಿಂದ ರಾಡ್ ತರುವುದಿದ್ದರೆ ಹಗುರವಾದದ್ದನ್ನೇ ತಾ; ಕಡಲಿಗೆಂದು ಭಾರಿ ರೀಲು ಕೊಳ್ಳಬೇಡ, ಕಾಣೆಯ ಮಿಡಿತ ಅದರಲ್ಲಿ ಗೊತ್ತಾಗುವುದಿಲ್ಲ. ದಾರ, ಗುಂಡು, ಸಣ್ಣ ಗಾಳ ನನ್ನಲ್ಲಿವೆ. ಮಗಳಿಗೆ ಟೋಪಿ ಮತ್ತು ಒದ್ದೆಯಾದರೂ ಚಿಂತೆಯಿಲ್ಲದ ಹಳೆಯ ಶೂ ಇರಲಿ, ಅಳಿವೆಯ ಕಲ್ಲುಗಳಿಗೆ ಅಂಟಿದ ಚಿಪ್ಪು ಬರಿಗಾಲನ್ನು ಕೊಯ್ದುಬಿಡುತ್ತದೆ. ದಿನಾಂಕ ಯಾವುದೆಂದು ಬೇಗ ತಿಳಿಸು, ಸಿಗಡಿ ಕೊಡುವವರಿಗೆ ಮೊದಲೇ ಹೇಳಿಡಬೇಕು.

ನಿನ್ನ,
ಕುಂದಾಪುರದ ಗೆಳೆಯ